ಕಾದೈತೆ

ನಮ್ಮ ಮನೆಯ ಹಳೆಯ ಕಾರಿಗೂ ನನಗೂ ಒಂದೇ ಗುಣ ಎಂದು ನನ್ನ ಹೆಂಡತಿ ನೆಂಟರ ಮುಂದೆಲ್ಲ ಹೇಳುತ್ತಾಳೆ. ಇಬ್ಬರೂ ಬೇಗ ಕಾಯುತ್ತೇವಂತೆ, ಬುಸುಗುಡುತ್ತೇವಂತೆ, ಒಂದು ಚೊಂಬು ತಣ್ಣೀರು ಬಿದ್ದರೆ ಸುಮ್ಮನಾಗುತ್ತೇವಂತೆ. ಕಾರಿನ ಮಟ್ಟಿಗೆ ಒಪ್ಪಿದೆ. ನನ್ನ ವಿಷಯ ಬೇರೆ. ಮಧುಗಿರಿ ಪೇಟೆಯಲ್ಲಿ ನನ್ನದು ಪಾತ್ರೆ ಅಂಗಡಿ. ಅಂಗಡಿಯಲ್ಲಿರುವ ತಟ್ಟೆಯನ್ನೆಲ್ಲ ಒಂದೊಂದಾಗಿ ಬಡಿದು, ಬೆಳಕಿಗೆ ಹಿಡಿದು, ಕೊನೆಗೆ "ನಾಳೆ ಬತ್ತೀವಿ ಬುಡಿ" ಎಂದು ಹೋಗುವ ಗಿರಾಕಿಗಳನ್ನು ನಗುನಗುತ್ತಾ ಕಳಿಸುವವನು ನಾನು. ಇದ್ದ ತಾಳ್ಮೆಯನ್ನೆಲ್ಲ ಅಲ್ಲೇ ಖರ್ಚು ಮಾಡಿ ಬಂದರೆ ಮನೆಯಲ್ಲಿ ಎಲ್ಲಿಂದ ತರಲಿ?

ಕಾರು ಅಪ್ಪನ ಕಾಲದ್ದು. ದುಂಡು ಮೂತಿ, ಕಣ್ಣು ಬಿಟ್ಟ ದೀಪಗಳು, ಬಾಗಿಲು ಹಾಕಿದರೆ ಬೀರು ಹಾಕಿದಂಥ ಸದ್ದು. ಈಗಿನ ಹುಡುಗರು ವಿಂಟೇಜ್ ಎಂದು ಪಕ್ಕದಲ್ಲಿ ನಿಂತು ಫೋಟೋ ತೆಗೆದುಕೊಳ್ಳುತ್ತಾರೆ. ನಮಗೆ ಅದು ಬರೀ ಕಾರು. ಅದಕ್ಕಿದ್ದದ್ದು ಒಂದೇ ರೋಗ, ಬಾಯಾರಿಕೆ. ಮೂತಿಯ ಹಿಂದೆ ಇದ್ದ ಹಿತ್ತಾಳೆ ರೇಡಿಯೇಟರ್ ಸೋರುತ್ತಿತ್ತು. ನೀರು ಕಡಿಮೆಯಾದ ಕೂಡಲೇ ಇಂಜಿನ್ ಕಾದು, ಬಾನೆಟ್ಟಿನ ಸಂದಿಯಿಂದ ಹಬೆ ಎದ್ದು, ಕಾರು ನಡುರಸ್ತೆಯಲ್ಲಿ ಕೂತುಬಿಡುತ್ತಿತ್ತು.

ಒಮ್ಮೆ ಯಾರೋ ಲಾರಿ ಡ್ರೈವರ್ ಅಪ್ಪನಿಗೆ ಉಪಾಯ ಹೇಳಿದ: "ಎರಡು ಮೊಟ್ಟೆ ಒಡ್ದು ಒಳಕ್ಕೆ ಹಾಕ್ಬುಡಿ ಯಜಮಾನ್ರೇ, ತೂತು ಅಂಗೇ ಮುಚ್ಕಂತದೆ." ಅಪ್ಪ ಹಣೆಯ ವಿಭೂತಿ ಮುಟ್ಟಿಕೊಂಡು ಕೂಗಾಡಿದರು. "ಲೇ, ಲಿಂಗಾಯತರ ಕಾರು ಕಣ್ಲಾ ಇದು!" ಅಂದಿನಿಂದ ತೂತಿಗೆ ಅರಿಶಿನದ ಪುಡಿ. ಅರಿಶಿನವೂ ಒಂದಷ್ಟು ದಿನ ಸೋರುವುದನ್ನು ನಿಲ್ಲಿಸುತ್ತಿತ್ತು, ಸುಳ್ಳು ಹೇಳಬಾರದು. ಆದರೆ ಕಾರು ಕಾದಾಗ ಬೇಳೆ ಬೇಯಿಸಿದ ಕಟ್ಟಿನ ವಾಸನೆ ಬರುತ್ತಿತ್ತು. ದಾರಿಯಲ್ಲಿ ಹೋಗುವವರು ನಿಂತು, "ಅಡುಗೆ ಆಯ್ತಾ?" ಎಂದು ಕೇಳುತ್ತಿದ್ದರು.

ಇನ್ನು ನನ್ನ ಮದುವೆಯ ಕತೆ ಹೇಳದಿದ್ದರೆ ಈ ರೇಡಿಯೇಟರಿನ ಕತೆ ಅರ್ಥವಾಗುವುದಿಲ್ಲ. ನನ್ನ ಹೆಂಡತಿಯ ತವರು ಹೊಳವನಹಳ್ಳಿ. ಮದುವೆ ಅಲ್ಲೇ ಮಾಡಿಕೊಟ್ಟರು. ಬೀಗರ ಪಂಕ್ತಿಗೆ ಹೋಳಿಗೆ. ತುಪ್ಪ ಬಡಿಸುವವನು ಸಾಲಾಗಿ ಬಂದ, ಸರಿಯಾಗಿ ಅಪ್ಪನ ಎಲೆಯ ಮುಂದೆ ಮಿಳ್ಳೆ ಖಾಲಿಯಾಯಿತು. ತುಂಬಿಸಿಕೊಂಡು ಬಂದವನು ಪುಣ್ಯಾತ್ಮ, ಪಂಕ್ತಿಯ ಆ ತುದಿಯಿಂದ ಶುರು ಮಾಡಿದ. ಅಪ್ಪ ಒಣ ಹೋಳಿಗೆಯನ್ನೇ ಸ್ವಲ್ಪ ಹೊತ್ತು ದಿಟ್ಟಿಸಿ, ಎಲೆ ಬಿಟ್ಟು ಎದ್ದರು. ಮಾವನವರೂ ಕೋಪದಲ್ಲಿ ಕಡಿಮೆಯವರಲ್ಲ. "ನಾವಾಗಿ ಕರೆಯೋಗಂಟ ನಮ್ಮ ಹೊಸ್ಲು ತುಳೀಬ್ಯಾಡಿ" ಎಂದರು. ಅಪ್ಪ "ಕರೆದ್ರೂ ಬರಾಕಿಲ್ಲ ಹೋಗಿ" ಎಂದರು. ಹೀಗೆ ಎರಡು ಚಮಚ ತುಪ್ಪಕ್ಕೆ ನನ್ನ ಹೆಂಡತಿಗೆ ತವರಿನ ದಾರಿ ಮುಚ್ಚಿತು. "ನೀನೊಬ್ಬಳೇ ಬಸ್ಸಲ್ಲಿ ಹೋಗಿ ಬಾರೇ" ಎಂದರೆ, "ಗಂಡನ್ನ ಬುಟ್ಟು ಬಂದೌಳೆ ಅಂತಾರೆ ಊರಲ್ಲಿ" ಎಂದು ಮೂಗು ಒರೆಸಿಕೊಂಡಳು.

ದಾರಿ ತೆರೆದದ್ದು ಕಾರು. ಅದೇ ವರ್ಷ ಕಾರ್ತಿಕದಲ್ಲಿ ನಾವೆಲ್ಲ ಗೊರವನಹಳ್ಳಿಗೆ ಲಕ್ಷ್ಮಿಯ ದರ್ಶನಕ್ಕೆ ಹೊರಟೆವು. ಅಪ್ಪನದೇ ಡ್ರೈವಿಂಗ್. ಹೊಳವನಹಳ್ಳಿ ಸುತ್ತಿಕೊಂಡು ಹೋಗುವುದು ಯಾಕೆಂದು ನಾನು ಕೇಳಿದರೆ, "ರೋಡು ಚೆನ್ನಾಗೈತೆ" ಎಂದರು ಅಪ್ಪ. ಕಾರು ಮಾವನವರ ಮನೆಯ ಎದುರಿಗೇ ಕಾದು ನಿಂತಿತು. ಅಪ್ಪ ಸ್ಟೇರಿಂಗ್ ಹಿಡಿದುಕೊಂಡು ಮುಂದಿನ ಗಾಜನ್ನೇ ನೋಡುತ್ತಾ ಕೂತರು. ಮಾವನವರು ಕೊಡಪಾನ ಹಿಡಿದು ಬಂದರು. ಅಪ್ಪನ ಕಡೆ ತಿರುಗಲಿಲ್ಲ. ಕಾರಿನ ಮೂತಿ ಸವರಿ, "ಏನ್ ಬಸವಣ್ಣ, ಬಾಯಾರೈತಾ? ಕುಡಿಯಪ್ಪ. ನಿನ್ನ ಯಜಮಾನ್ರಿಗೂ ಮಜ್ಜಿಗೆ ಬೇಕೇನೋ ಕೇಳು" ಎಂದರು. ಅಪ್ಪ ಸ್ಟೇರಿಂಗಿಗೆ ಹೇಳಿದರು: "ಉಪ್ಪು ಕಮ್ಮಿ ಹಾಕಕ್ಕೆ ಹೇಳಪ್ಪ."

ಬಾಯಾರಿದ ಬಸವನಿಗೆ ನೀರು ಕೊಟ್ಟರೆ ಅದು ಬೀಗತನವಲ್ಲ. ಮಾತು ಯಾರೂ ಮುರಿದಂತಾಗಲಿಲ್ಲ. ಇಂಜಿನ್ ತಣ್ಣಗಾಗುವವರೆಗೆ ನಾವು ಗಂಡಸರು ಜಗಲಿಯ ಮೇಲೆ ಕೂತೆವು, ಹೆಂಡತಿ ಹಿತ್ತಿಲ ಬಾಗಿಲಿಂದ ಒಳಗೆ ಹೋಗಿ ಅವಳವ್ವನ ಹತ್ತಿರ ಕೂತು ಬಂದಳು. ಮಾವನವರು ಹೇಳಿದ್ದು ಮುಂಬಾಗಿಲ ಹೊಸ್ತಿಲು ತಾನೇ! ಅಲ್ಲಿಂದಾಚೆಗೆ ಅದೇ ಪದ್ಧತಿಯಾಯಿತು. ತಿಂಗಳಿಗೊಂದು ಶುಕ್ರವಾರ ಗೊರವನಹಳ್ಳಿಗೆ ಹೊರಡುವುದು, ಹೊಳವನಹಳ್ಳಿಯಲ್ಲಿ ಕಾರು ಕಾಯುವುದು, ಅವರು ನೀರು ಕೊಡುವುದು. ಅಪ್ಪ ತೀರಿಹೋದರು, ಮಾವನವರೂ ಹೋದರು. ಅವರ ಮಾತು ಮಾತ್ರ ಹೋಗಲಿಲ್ಲ. "ಅವ್ರು ಆಡಿದ ಮಾತ ನಾನು ಮೀರಕಿಲ್ಲ" ಎಂದು ಅತ್ತೆ ನನ್ನನ್ನು ಒಳಗೆ ಕರೆಯಲಿಲ್ಲ. ಅಪ್ಪನ ಮಾತು ಎಂದು ನಾನೂ ಹೋಗಲಿಲ್ಲ. ಅತ್ತೆಗೆ ಮಗ ಸೊಸೆ ಇದ್ದಾರೆ, ಹಟ್ಟಿ ತುಂಬಾ ಸೀಮೆ ಹಸುಗಳಿವೆ, ಪುರುಸೊತ್ತಿಲ್ಲದ ಹೆಂಗಸು. ಆದರೂ ನಾವು ಹೊರಟೆವೆಂದು ಹೆಂಡತಿ ಫೋನು ಮಾಡಿದರೆ ಸಾಕು, ಕೊಡಪಾನ ತುಂಬಿಕೊಂಡು ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದರು. ಮಾವನವರಂತೆ ಅವರದ್ದೂ ಕಾರಿನ ಜೊತೆಗೇ ಮಾತು.

ಹೀಗೇ ನಡೆದುಕೊಂಡು ಹೋಗುತ್ತಿತ್ತು, ಪಾವಗಡದ ಮದುವೆ ಬರದಿದ್ದರೆ. ನನ್ನ ಅಕ್ಕನ ಮಗನಿಗೆ ಪಾವಗಡದ ಹೆಣ್ಣು. ಸೋದರಮಾವನ ಕಾರಿನಲ್ಲೇ ಮದುಮಗ ಬರಬೇಕೆಂದು ಅಕ್ಕನ ಹಟ. ಹೂವಿನ ಅಲಂಕಾರ ಮಾಡಿಸಿಕೊಂಡು ಹೊರಟೆ. ಬಂಡೆಗುಡ್ಡಗಳ ಮಧ್ಯೆ ಒಂದು ಮರವಿಲ್ಲದ ಜಾಗ ನೋಡಿ ಕಾರು ಕಾದು ಕೂತಿತು. ನೀರು ಕೇಳೋಣವೆಂದರೆ ಎರಡು ಕಡೆಯೂ ಸೋಲಾರ್ ಹಲಗೆಗಳು ಬಿಟ್ಟರೆ ನರಪಿಳ್ಳೆಯಿಲ್ಲ. ಶಾಮಿಯಾನದ ಕುರ್ಚಿ ಹೊತ್ತ ಒಂದು ಲಗೇಜ್ ಆಟೋ ಬಂತು. ಮದುಮಗ ಬಾಸಿಂಗ ಕಟ್ಟಿಕೊಂಡು, ಕುರ್ಚಿಗಳ ಮೇಲೆ ಹತ್ತಿ ಕೂತು, ಛತ್ರಕ್ಕೆ ಹೋದ. ಇಂಜಿನ್ ಕೊಂಚ ಆರಿಸಿಕೊಂಡು, ಹಿಂದಿನಿಂದ ನಾನು ಮತ್ತೆ ಹಬೆಯಾಡುವ ಕಾರು ತಂದು ನಿಲ್ಲಿಸಿದಾಗ, ಹೆಣ್ಣಿನ ಕಡೆಯ ಹಿರಿಯರೊಬ್ಬರು ಬಾನೆಟ್ಟಿನ ಮೇಲೆ ಬಾಗಿ, "ಏಮಪ್ಪಾ, ನೀಳ್ಳು ಕಾಗಿನಾಯಾ? ಸ್ನಾನಂ ಚೇದ್ದಾಮಾ?" ಎಂದರು. ನೀರು ಕಾಯಿತಾ, ಸ್ನಾನ ಮಾಡೋಣವಾ ಎಂದು! ಇಡೀ ಛತ್ರ ನಕ್ಕಿತು. ನನ್ನ ಅಕ್ಕನೂ ನಕ್ಕಳು. ನನಗೆ ಮೈಯೆಲ್ಲ ಉರಿದುಹೋಯಿತು.

ಮನೆಗೆ ಬಂದವನೇ ಹೊಸ ರೇಡಿಯೇಟರ್ ಹಾಕಿಸುತ್ತೇನೆಂದು ಸಾರಿದೆ. ಹೆಂಡತಿ ಅವರೆಕಾಯಿ ಸುಲಿಯುತ್ತಿದ್ದವಳು ತಲೆಯೆತ್ತದೆ, "ಅದ್ಯಾಕ್ರೀ ಈಗ? ಇಷ್ಟು ವರ್ಷ ನಡೀಲಿಲ್ವಾ?" ಎಂದಳು.

"ನಡೀಲಿಲ್ಲ ಕಣೇ, ಕೂತಿತು! ಪಾವಗಡದವರ ಎದುರಿಗೆ ಕೂತಿತು!"

"ನಿಮ್ಮಿಷ್ಟ" ಎಂದು ಅವಳು ಸುಲಿದ ಕಾಳಿಗಿಂತ ಸಿಪ್ಪೆಯನ್ನೇ ಹೆಚ್ಚಾಗಿ ಪಾತ್ರೆಗೆ ಹಾಕತೊಡಗಿದಳು. ಹೆಂಗಸರು "ನಿಮ್ಮಿಷ್ಟ" ಎಂದರೆ ಅದು ನಮ್ಮಿಷ್ಟವಲ್ಲ ಎಂಬುದು ನನಗೆ ಇಷ್ಟು ವಯಸ್ಸಾದ ಮೇಲೂ ತಕ್ಷಣಕ್ಕೆ ಹೊಳೆಯುವುದಿಲ್ಲ.

ಸಿರಾದಲ್ಲಿ ಒಬ್ಬ ಮೆಕ್ಯಾನಿಕ್ ಇದ್ದಾನೆ. ಅವನಿಗೆ ಗೊತ್ತಿಲ್ಲದ್ದು ಲೋಕದಲ್ಲಿಲ್ಲ, ಅವನ ಪ್ರಕಾರ. ಬಾನೆಟ್ ಎತ್ತಿ, ಕಿವಿಗೊಟ್ಟು ಕೇಳಿ, "ಇದರ ದಿಲ್ ಬರಾಬರ್ ಐತೆ ಸಾವ್ಕಾರ್. ಗುರ್ದಾ ಹೋಗೈತೆ. ಗುರ್ದಾ ಬದಲಾಯ್ಸಿದ್ರೆ ಇನ್ನೂ ನೂರು ವರ್ಷ ಓಡ್ತದೆ, ಬಿಲ್ಕುಲ್ ಫಿಕರ್ ಮಾಡ್ಬೇಡಿ" ಎಂದ. ಹೃದಯ ಸರಿಯಾಗಿದೆ, ಕಿಡ್ನಿ ಹೋಗಿದೆ ಎಂದು ಅವನ ತೀರ್ಪು. ಈಗಿನ ಯಾವುದೋ ಕಾರಿನ ಹೊಸ ರೇಡಿಯೇಟರ್ ತಂದು ನನ್ನ ಕೈಗಿಟ್ಟ. ಅಲ್ಯೂಮಿನಿಯಂ ಮೈ, ಎರಡು ಕಡೆಯೂ ಕರೀ ಪ್ಲಾಸ್ಟಿಕ್ ಡಬ್ಬ. ನಾನು ಅಭ್ಯಾಸಬಲದಿಂದ ಬೆರಳಲ್ಲಿ ತಟ್ಟಿ ನೋಡಿದೆ. ಹಿತ್ತಾಳೆಯಂತೆ ಠಣ್ ಎನ್ನಲಿಲ್ಲ. ಡಬ್ ಎಂದಿತು.

"ಏನಯ್ಯಾ ಇದು, ರೇಡಿಯೇಟರಾ ಟಿಫನ್ ಬಾಕ್ಸಾ?"

"ಸಾವ್ಕಾರ್, ಜಮಾನಾ ಬದಲಾಗೈತೆ" ಎಂದ.

ಜಮಾನಾ ಬದಲಾದರೂ ಕಾರಿನ ಮೂತಿ ಬದಲಾಗಿರಲಿಲ್ಲ. ಹಳೆಯದು ಎತ್ತರವಾಗಿ, ಕಿರಿದಾಗಿತ್ತು, ಹೊಸದು ಗಿಡ್ಡ, ಅಗಲ. ಎಷ್ಟು ತುರುಕಿದರೂ ಒಳಗೆ ಕೂರದು. ಹಳೆಯ ಕಂಬಿಗಳನ್ನು ಕತ್ತರಿಸಿದ, ಹೊಸ ಪಟ್ಟಿಗಳನ್ನು ವೆಲ್ಡ್ ಮಾಡಿದ. ಇಂಜಿನ್ನಿನ ರಬ್ಬರ್ ಪೈಪು ದಪ್ಪ, ರೇಡಿಯೇಟರಿನ ಮೂತಿ ಸಣ್ಣ, ನಡುವೆ ಇನ್ನೊಂದು ಪೈಪು ಸಿಕ್ಕಿಸಿ ಕ್ಲಾಂಪ್ ಬಿಗಿದ. ಆಮೇಲೆ ನೋಡಿದರೆ ಇಂಜಿನ್ನಿನ ಫ್ಯಾನು ಹೊಸ ರೇಡಿಯೇಟರಿಗೆ ತಾಗುತ್ತಿದೆ. ಆ ಫ್ಯಾನನ್ನು ಕಿತ್ತು ಕರೆಂಟಿನ ಫ್ಯಾನು ಕೂರಿಸಿದ. ಒಂದೊಂದು ತುಂಡು ಕೆಳಗೆ ಬಿದ್ದಾಗಲೂ ನಾನು ಕೂಗುತ್ತಿದ್ದೆ, ಅವನು ಚಹಾ ತರಿಸುತ್ತಿದ್ದ. ಸಂಜೆಯ ಹೊತ್ತಿಗೆ ನನ್ನ ಹೊಟ್ಟೆಯಲ್ಲಿ ಇದ್ದದ್ದು ಬರೀ ಚಹಾ ಮತ್ತು ಕೋಪ.

ಕೊನೆಗೆ ಫ್ಯಾನ್ ಪರೀಕ್ಷೆ. ನನ್ನ ಹೆಗಲ ಟವೆಲನ್ನು ಇಸಿದುಕೊಂಡು ಕಾರಿನ ಮುಂದಿನ ಜಾಲರಿಗೆ ಹಿಡಿದ. "ಈಗ ನೋಡಿ, ಹೆಂಗೆ ಎಳ್ಕಂತದೆ!" ಸ್ವಿಚ್ ಒತ್ತಿದ. ಟವೆಲು ಹಾರಿ ಪಕ್ಕದ ಅಂಗಡಿಯ ಹಾಲಿನ ಬೋಗುಣಿಯಲ್ಲಿ ಬಿತ್ತು.

"ಪವರ್ ನೋಡಿ ಸಾವ್ಕಾರ್!" ಎಂದ ಹೆಮ್ಮೆಯಿಂದ.

"ಲೋ, ಗಾಳಿ ಒಳಕ್ಕೆ ಹೋಗ್ಬೇಕು ಕಣಯ್ಯಾ! ಇದು ಹೊರಕ್ಕೆ ಊದ್ತಾ ಇದೆ!"

ನಮ್ಮ ಕಾರಿನಲ್ಲಿ ಬ್ಯಾಟರಿಯ ಪ್ಲಸ್ ವೈರನ್ನು ಕಾರಿನ ಮೈಗೆ ಕಟ್ಟಿರುತ್ತಾರೆ, ಈಗಿನ ಕಾರುಗಳಲ್ಲಿ ಮೈನಸ್ ಕಟ್ಟಿರುತ್ತಾರೆ. ಅವನು ಈಗಿನ ಲೆಕ್ಕದಲ್ಲಿ ಜೋಡಿಸಿದ್ದ, ಫ್ಯಾನು ಉಲ್ಟಾ ತಿರುಗುತ್ತಿತ್ತು. "ಅದು ಟೆಸ್ಟಿಂಗ್" ಎಂದು ವೈರು ಅದಲು ಬದಲು ಮಾಡಿ, ಹಾಲಿನಂಗಡಿಯವನ ಬೈಗುಳಕ್ಕೆ ನನ್ನನ್ನು ಮುಂದೆ ಬಿಟ್ಟ. ಹೊರಡುವಾಗ ಒಂದು ಎಚ್ಚರಿಕೆ ಕೊಟ್ಟ: "ಒಳಗೆ ಹಸಿರು ಕೂಲೆಂಟ್ ಹಾಕಿದೀನಿ. ಬೋರ್ ನೀರು, ಬಾವಿ ನೀರು ಬಿಲ್ಕುಲ್ ಮುಟ್ಟಿಸ್ಬೇಡಿ. ಉಪ್ಪು ಕಟ್ಟಿ ಖರಾಬ್ ಆಗ್ತದೆ."

"ಕಂಡವರ ಮನೆ ನೀರು ಮುಟ್ಟಲ್ಲ ಅನ್ನು. ನಮ್ಮ ಕಾರು ಮಡಿಯಾಯ್ತು" ಎಂದು ನಾನೇ ನಗೆಚಾಟಿಕೆ ಮಾಡಿದೆ. ಆ ಮಾತು ತಿರುಗಿ ನನ್ನ ಮೇಲೇ ಬೀಳುತ್ತದೆಂದು ಯಾರಿಗೆ ಗೊತ್ತಿತ್ತು.

ಮುಂದಿನ ಶುಕ್ರವಾರ ಗೊರವನಹಳ್ಳಿಗೆ ಹೊರಟೆವು. ಅಬ್ಬಾ, ಏನು ಓಟ! ಕೊರಟಗೆರೆ ದಾಟಿದರೂ ಬಿಸಿ ತೋರಿಸುವ ಮುಳ್ಳು ನಡುವೆಯೇ ನಿಂತಿದೆ, ಅಲ್ಲಾಡದು. ನಾನು ಹಾಡು ಗುನುಗುತ್ತಿದ್ದೆ. ಹೊಳವನಹಳ್ಳಿ ಬಂತು. ಹೆಂಡತಿ ಸೆರಗು ಸರಿಮಾಡಿಕೊಂಡು, "ಕಾದೈತೆ, ನಿಲ್ಸಿ" ಎಂದಳು.

"ಎಲ್ಲಿ ಕಾದೈತೆ? ಮುಳ್ಳು ನೋಡೇ, ಮಂಜುಗಡ್ಡೆ ಇದ್ದ ಹಾಗಿದೆ!"

"ಅಯ್ಯೋ, ಕಾದೈತೆ ಕಣ್ರೀ, ನಿಲ್ಸ್ರೀ!"

ಹೊಸ ರೇಡಿಯೇಟರಿಗೆ ಅವಮಾನ ಮಾಡುತ್ತಿದ್ದಾಳೆಂದು ನನಗೆ ರೇಗಿತು. ಆಕ್ಸಿಲರೇಟರ್ ಒತ್ತಿದೆ. ಅತ್ತೆಯ ಮನೆ ಎದುರಿಗೆ ಬಂತು, ಅತ್ತೆ ಕೊಡಪಾನ ಹಿಡಿದು ಬಾಗಿಲಲ್ಲಿ ನಿಂತಿದ್ದರು. ನೋಡಲಿ ನಮ್ಮ ಕಾರಿನ ಗತ್ತು ಎಂದು ಉದ್ದಕ್ಕೆ ಹಾರನ್ ಬಾರಿಸಿ, ಕೈ ಬೀಸಿ, ಧೂಳೆಬ್ಬಿಸಿಕೊಂಡು ಮುಂದೆ ಹೋದೆ. ಕನ್ನಡಿಯಲ್ಲಿ ಅತ್ತೆ ಸೆರಗಿನಿಂದ ಕೊಡಪಾನದ ಬಾಯಿ ಮುಚ್ಚುತ್ತಿದ್ದುದು ಕಂಡಿತು.

ಗುಡಿಯಲ್ಲಿ ಹೆಂಡತಿ ಮಂಗಳಾರತಿ ತೆಗೆದುಕೊಂಡಳು. ಬರುವಾಗ ಬೇರೆ ದಾರಿಯಲ್ಲಿ ಬನ್ನಿ ಎಂದಳು, ಅಷ್ಟೇ. ಮನೆಗೆ ಬಂದು ಚಪ್ಪಲಿ ಬಿಡುತ್ತಿದ್ದಂತೆ ಕಟ್ಟೆಯೊಡೆಯಿತು.

"ಕಾದೈತೆ ಅಂದಿದ್ದು ನಿಮ್ಮ ಕಾರಲ್ಲ! ನಮ್ಮವ್ವ! ಅವ್ವ ಕಾದೈತೆ, ನಿಲ್ಸಿ ಅಂದೆ!"

ಅವಳ ಊರಿನ ಮಾತಿನಲ್ಲಿ ಅವ್ವ ಬಂದೈತೆ, ಅವ್ವ ಕೂತೈತೆ. ಕಾರೂ ಕಾದೈತೆ, ಅವ್ವನೂ ಕಾದೈತೆ. ಇಷ್ಟು ವರ್ಷ ಸಂಸಾರ ಮಾಡಿ ನನಗೆ ಕೇಳಿಸಿದ್ದು ಇಂಜಿನ್ ಮಾತ್ರ.

"ಅಲ್ಲ ಕಣೇ, ಬಿಡಿಸಿ ಹೇಳೋದಲ್ವಾ?"

"ಏನು ಬಿಡಿಸಿ ಹೇಳೋದು? ಹೊರಡೋ ಮುಂಚೆ ರೇಡಿಯೇಟರಿಗೆ ನೀರು ತುಂಬುತ್ತಿದ್ದೋರು ಯಾರು? ನಾನು. ಬೇರೆ ಊರಿಗಾದ್ರೆ ಕುತ್ತಿಗೆ ಮಟ್ಟ ತುಂಬ್ತಿದ್ದೆ. ಗೊರವನಹಳ್ಳಿಗಾದ್ರೆ ಅರ್ಧ. ಅದಕ್ಕೇ ಹೊಳವನಹಳ್ಳೀಲಿ ಸರಿಯಾಗಿ ನಿಲ್ತಿತ್ತು. ಮೊದ್ಲು ನಿಮ್ಮಪ್ಪ ಮಾಡ್ತಿದ್ರು, ಆಮೇಲೆ ನನಗೆ ಹೇಳಿಕೊಟ್ಟು ಹೋದ್ರು. ನಿಮಗೊಬ್ರಿಗೇ ಗೊತ್ತಿಲ್ಲದ್ದು!"

ಅಪ್ಪ! ತುಪ್ಪಕ್ಕೆ ಎಲೆ ಬಿಟ್ಟೆದ್ದ ಅಪ್ಪ, ಸೊಸೆಗೋಸ್ಕರ ಸ್ವಂತ ಕಾರನ್ನು ಕಾಯಿಸಿಕೊಂಡು ಬೀಗರ ಬಾಗಿಲಲ್ಲಿ ನಿಲ್ಲಿಸುತ್ತಿದ್ದರು. ನನಗೆ ನಗು ಬರಬೇಕೋ ಅಳು ಬರಬೇಕೋ ತಿಳಿಯದೆ, ಎಂದಿನಂತೆ ಕೋಪ ಬಂತು.

ಗ್ಯಾರೇಜಿನಲ್ಲಿ ನಾನಾಡಿದ ಮಾತೂ ಸೇರಿ ಸುದ್ದಿ ನನಗಿಂತ ಮುಂಚೆ ಊರೂರು ತಿರುಗಿತ್ತು. ಭಾವಮೈದ ಫೋನು ಮಾಡಿ, "ಏನ್ ಭಾವ, ನಮ್ಮ ಮನೆ ನೀರು ಬ್ಯಾಡವಂತೆ? ಹಸುರು ನೀರೇ ಆಗ್ಬೇಕಂತೆ?" ಎಂದ. ಹೆಂಡತಿ ಫೋನು ಮಾಡಿದರೆ ಅತ್ತೆ, "ಹಾಲು ಕರೀಬೇಕು ಕಣವ್ವ" ಎಂದು ಇಟ್ಟುಬಿಡುತ್ತಿದ್ದರು. ನಮ್ಮ ಕಡೆ ಒಂದು ಮನೆಯ ನೀರು ಬಿಟ್ಟೆವೆಂದರೆ ಸಂಬಂಧ ಬಿಟ್ಟಂತೆ. ಮುಂದಿನ ಶುಕ್ರವಾರ ಹೆಂಡತಿ ಗೊರವನಹಳ್ಳಿಯ ಮಾತೇ ಎತ್ತಲಿಲ್ಲ. ಕಾಲಿಗೆ ನೋವು ಎಂದಳು. ಅವಳ ಕಾಲಿಗೆ ಏನೂ ಆಗಿರಲಿಲ್ಲ.

ಸಿರಾಕ್ಕೆ ಓಡಿದೆ. "ಹಳೇದನ್ನೇ ಹಾಕಯ್ಯಾ" ಎಂದರೆ ಮೆಕ್ಯಾನಿಕ್ ಅದನ್ನು ಗುಜರಿಗೆ ಹಾಕಿದ್ದ.

"ಹಾಗಾದರೆ ಇದನ್ನೇ ಕಾಯೋ ಹಾಗೆ ಮಾಡು."

ಅವನು ನನ್ನ ಹಣೆ ಮುಟ್ಟಿ ನೋಡಿದ. "ಸಾವ್ಕಾರ್, ಎಲ್ಲರೂ ಕಾಯ್ತದೆ ಅಂತ ಬರ್ತಾರೆ. ಕಾಯಲ್ಲ ಅಂತ ಬಂದೋರು ನೀವೊಬ್ರೇ. ಫ್ಯಾನ್ ಸ್ವಿಚ್ ಆಫ್ ಮಾಡ್ಕೊಂಡು ಓಡ್ಸಿ, ಐದು ಮಿನಿಟ್‌ನಲ್ಲಿ ಕಾಯ್ತದೆ, ನನ್ ಗ್ಯಾರಂಟಿ."

ಬಂದ ಶುಕ್ರವಾರ ಹೆಂಡತಿಯನ್ನು ಗದರಿ ಕೂರಿಸಿಕೊಂಡು ಹೊರಟೆ. ಅವಳು ಅವ್ವನಿಗೆ ಫೋನು ಮಾಡಲಿಲ್ಲ. ಫ್ಯಾನು ಆಫ್. ಗಾಡಿ ಸೆಕೆಂಡ್ ಗೇರಿನಲ್ಲಿ. ಮಟಮಟ ಮಧ್ಯಾಹ್ನದ ಬಿಸಿಲು. ಹಿಂದಿನಿಂದ ಬಸ್ಸಿನವರು ಬೈದು ದಾಟಿದರು, ಟ್ರ್ಯಾಕ್ಟರಿನವನು ಬೈದು ದಾಟಿದ, ಕೊನೆಗೆ ಹುಲ್ಲು ಹೊತ್ತ ಮೊಪೆಡ್ಡಿನವನೊಬ್ಬ ಕನಿಕರದಿಂದ ನೋಡಿ ದಾಟಿದ. ನಾನು ಬೆವರಿ ನೀರಾದೆ. ಹೆಂಡತಿ ಬೆವರಿದಳು. ಬೆವರದಿದ್ದದ್ದು ಕಾರೊಂದೇ. ಆ ದರಿದ್ರದ ಮುಳ್ಳು ನಡುವೆ ನಿಂತದ್ದು ಅಲ್ಲಾಡಲಿಲ್ಲ. "ಕಾಯೋ, ನಿನ್ನ ಮನೆ ಹಾಳಾಗ!" ಎಂದು ಡ್ಯಾಶ್‌ಬೋರ್ಡಿಗೆ ಗುದ್ದಿದೆ. ಮೆಕ್ಯಾನಿಕ್ ಜೀವಮಾನದಲ್ಲಿ ಒಂದೇ ಒಂದು ಕೆಲಸ ನೆಟ್ಟಗೆ ಮಾಡಿದ್ದ, ಅದೂ ನನಗೆ ಬೇಡವಾದಾಗ.

ಹೊಳವನಹಳ್ಳಿ ಬಂದೇಬಿಟ್ಟಿತು. ಕಾರು ತಣ್ಣಗಿತ್ತು, ನೆಪ ಇರಲಿಲ್ಲ. ಹೆಂಡತಿ ಕಿಟಕಿಯಾಚೆ ಮುಖ ತಿರುಗಿಸಿಕೊಂಡಳು. ಅವಳ ಕೈ ಮಾತ್ರ ಬಾಗಿಲಿನ ಹಿಡಿಯ ಮೇಲಿತ್ತು. ನಿಲ್ಲಿಸಿದೆ.

ಅತ್ತೆ ಜಗಲಿಯ ಮೇಲೆ ಹುಣಸೆಹಣ್ಣು ಕುಟ್ಟುತ್ತಿದ್ದರು. ಸದ್ದು ಕೇಳಿ ತಲೆಯೆತ್ತಿದರು, ಎದ್ದು ಒಳಗೆ ಹೋದರು. ಮುಗಿಯಿತು ಅಂದುಕೊಂಡೆ. ಸುಮ್ಮನೆ ನಿಲ್ಲಲಾರದೆ ಬಾನೆಟ್ ಎತ್ತಿದೆ. ಹಬೆಯಿಲ್ಲ, ಬೇಳೆಕಟ್ಟಿನ ವಾಸನೆಯಿಲ್ಲ. ಅಷ್ಟರಲ್ಲಿ ಪಕ್ಕದಲ್ಲಿ ಕೊಡಪಾನ ಹಿಡಿದು ಅತ್ತೆ ನಿಂತಿದ್ದರು. ಹುಣಸೆಹಣ್ಣು ಮೆತ್ತಿದ ಅಂಗೈಯನ್ನು ಕಾರಿನ ಮೂತಿಯ ಮೇಲಿಟ್ಟರು.

"ತಣ್ಣಗೈತಲ್ಲ."

"ಹೂಂ ಅತ್ತೆ. ಕಾದಿಲ್ಲ."

"ಮತ್ತೆ ಯಾಕೆ ನಿಲ್ಸಿದ್ರಿ?"

ಅತ್ತೆ ಇದುವರೆಗೂ ಕಾರಿನ ಜೊತೆ ಮಾತಾಡುತ್ತಿದ್ದವರು, ಮೊದಲ ಬಾರಿಗೆ ನನ್ನನ್ನೇ ಕೇಳಿದ್ದರು. "ನೀವು ಕಾದಿರ್ತೀರ ಅಂತ" ಎಂದೆ.

ಅತ್ತೆ ಕೊಡಪಾನ ನೋಡಿದರು, ಕಾರು ನೋಡಿದರು. "ಇದಕ್ಕೆ ಬ್ಯಾಡ. ಈ ನೀರೇನು ಮಾಡ್ಲಿ?" ಎಂದು ತಮಗೆ ತಾವೇ ಕೇಳಿಕೊಂಡರು. ಆಮೇಲೆ ಕೊಡ ಬಗ್ಗಿಸಿ ನನ್ನ ಕಾಲ ಮೇಲೆ ಸುರಿದರು. "ಕಾಲು ತೊಳ್ಕಳಿ. ಒಳಕ್ಕೆ ಬನ್ನಿ."

ಮನೆಗೆ ಬಂದ ಅಳಿಯನ ಕಾಲಿಗೆ ಕೊಡುವ ನೀರು. ಮದುವೆಯಾದಂದಿನಿಂದ ಕಾರಿಗೆ ಹೋಗುತ್ತಿದ್ದದ್ದು ಈಗ ನನ್ನ ಪಾದಕ್ಕೆ ಬಿತ್ತು. ಕರೆದರೂ ಬರಾಕಿಲ್ಲ ಎಂದಿದ್ದ ಅಪ್ಪನನ್ನು ಮನಸ್ಸಿನಲ್ಲೇ, "ಸುಮ್ನಿರಪ್ಪ, ನೀನು ಮಾಡಿದ್ದೆಲ್ಲ ಗೊತ್ತಾಗೈತೆ" ಎಂದು ಸುಮ್ಮನಾಗಿಸಿ ಹೊಸ್ತಿಲು ದಾಟಿದೆ. ಹೆಂಡತಿ ಅಭ್ಯಾಸದಂತೆ ಹಿತ್ತಿಲ ಕಡೆಗೆ ಹೊರಟಿದ್ದವಳು, ಅರ್ಧ ದಾರಿಯಲ್ಲಿ ನಿಂತು, ತಿರುಗಿ ಮುಂಬಾಗಿಲಿಗೆ ಬಂದಳು. ಕಣ್ಣೊರೆಸಿಕೊಂಡು, "ಧೂಳು" ಎಂದಳು. ಅತ್ತೆ ಹೋಳಿಗೆ ಮಾಡಿರಲಿಲ್ಲ, ಇದ್ದದ್ದು ಮುದ್ದೆ. ಅದರ ಮೇಲೇ ತುಪ್ಪ ಸುರಿದರು. ಸಾಕು ಸಾಕು ಎಂದರೂ ಕೇಳದೆ, ನಮ್ಮಪ್ಪನ ಪಾಲನ್ನೂ ಸೇರಿಸಿ ಸುರಿದರು. ನಾನು ಬಾಯಿ ಮುಚ್ಚಿಕೊಂಡು ಉಂಡೆ.

ಹೊರಡುವಾಗ ಅತ್ತೆ ಕಾರಿನ ಹತ್ತಿರ ಬಂದರು. ಮತ್ತೊಮ್ಮೆ ಮೂತಿ ಮುಟ್ಟಿ ನೋಡಿದರು.

"ಇನ್ಮೇಲೆ ಇದು ಕಾಯಕಿಲ್ಲ ಅನ್ನಿ."

"ಇಲ್ಲ ಅತ್ತೆ, ಕಾಯಲ್ಲ."

"ಓಗ್ಲಿ ಬುಡಿ" ಎಂದು ಅತ್ತೆ ಖಾಲಿ ಕೊಡಪಾನವನ್ನು ಸೊಂಟಕ್ಕೇರಿಸಿಕೊಂಡರು. "ನಾನು ಕಾಯ್ತೀನಿ."